ಸಾಗವಾನಿಯ ಸಿಜಿಪಿಎ

ಮ್ಯಾಥ್ಸ್ ಪುಸ್ತಕದಲ್ಲಿ ಡಿಫರೆನ್ಷಿಯಲ್ ಈಕ್ವೇಶನ್ ಅಧ್ಯಾಯದ ಕೊನೆಗೆ 'ಗ್ರೋತ್ ಮಾಡೆಲ್' ಅಂತ ಒಂದು ಚಿಕ್ಕ ಭಾಗ ಇರುತ್ತೆ. ಬ್ಯಾಕ್ಟೀರಿಯಾ ಎಷ್ಟಾಯ್ತು, ಜನಸಂಖ್ಯೆ ಎಷ್ಟಾಯ್ತು ಅನ್ನೋ ಎರಡು ಲೆಕ್ಕ ಮಾಡಿಸಿ ಮುಗಿಸಿಬಿಡ್ತಾರೆ. ಆದರೆ ಈ ಥರದ ಗಣಿತವನ್ನು ಬಹಳ ಹಿಂದಿನಿಂದ, ಹೊಟ್ಟೆಪಾಡಿಗಾಗಿ ಬಳಸಿಕೊಂಡು ಬಂದವರು ಕಾಡಿನ ಅಧಿಕಾರಿಗಳು. ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಗಿಡ ನೆಟ್ಟವನ ಸರ್ವೀಸ್ ಮುಗಿದು ಅವನ ಮೊಮ್ಮಗನ ಸರ್ವೀಸ್ ಶುರುವಾಗುವ ಹೊತ್ತಿಗೆ ಮರ ಕಡಿಯೋಕೆ ಬರುತ್ತೆ. ಅಷ್ಟು ದಿನ ಕಾದು ನೋಡಿ ಪಾಠ ಕಲಿಯೋಕೆ ಆಗಲ್ಲ, ಲೆಕ್ಕ ಮೊದಲೇ ಬೇಕು.

ಜರ್ಮನಿಯ ಹಾಸ್‌ಫೆಲ್ಡ್ ಅನ್ನೋರು 1822ರಲ್ಲೇ ಮರದ ಬೆಳವಣಿಗೆಗೆ ಒಂದು ಸೂತ್ರ ಬರೆದಿದ್ದರು. ನಾವೆಲ್ಲ ಓದುವ ವರ್‌ಹುಲ್ಸ್ಟ್‌ನ ಲಾಜಿಸ್ಟಿಕ್ ಕರ್ವ್ ಬಂದದ್ದು 1838ರಲ್ಲಿ. ಅಂದ್ರೆ ಮರದ ಸೂತ್ರವೇ ಸೀನಿಯರ್! ಅವರ ಅಳತೆಯೆಲ್ಲ ಹೆಚ್ಚಾಗಿ ಸ್ಪ್ರೂಸ್, ಪೈನ್ ಥರದ ಶಂಕುಧಾರಿ ಮರಗಳದ್ದು. ಅದಕ್ಕೆ ಕಾರಣ ಇದೆ. ಆ ಮರಗಳಿಗೆ ಒಂದೇ ನೇರ ಕಾಂಡ, ಒಂದೇ ವರ್ಷ ನೆಟ್ಟ ಸಾಲುಗಳು, ಚಳಿಗಾಲದಲ್ಲಿ ಬೆಳವಣಿಗೆ ಪೂರ್ತಿ ಬಂದ್. ಹಾಗಾಗಿ ವರ್ಷಕ್ಕೊಂದು ಉಂಗುರ ಗ್ಯಾರಂಟಿ. ಮಾಡೆಲ್ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಡೇಟಾ ಬೇಕಾ?

ನಮ್ಮ ಕರ್ನಾಟಕದಲ್ಲಿ ಹುಡುಕಿದ್ರೆ ಶಂಕುಧಾರಿ ಮರ ಸಿಗೋದೇ ಕಷ್ಟ. ಇಡೀ ಪಶ್ಚಿಮ ಘಟ್ಟಕ್ಕೆ ಸ್ವಂತ ಅಂತ ಇರೋದು ಒಂದೇ ಜಾತಿ, ನಾಗೇಯ ವಾಲಿಚಿಯಾನ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಎಲ್ಲರೂ 'ಕ್ರಿಸ್ಮಸ್ ಟ್ರೀ' ಅಂತ ಫೋಟೊ ತೆಗೆಸಿಕೊಳ್ಳೋ ಅರಾಕೇರಿಯಾ ಹೊರಗಿನಿಂದ ಬಂದದ್ದು. ಕಾರವಾರದ ಕಡಲತೀರದ ಸರ್ವೆ ಮರ ನೋಡೋಕೆ ಪೈನ್ ಥರ ಇದ್ರೂ ಪೈನ್ ಅಲ್ಲ. ಅದು ಹೂ ಬಿಡುವ ಮರ, ಅದರ 'ಸೂಜಿ' ಎಲೆಯಲ್ಲ, ತೆಳ್ಳಗಿನ ರೆಂಬೆ. ಹಾಗಾಗಿ ಆ ಜರ್ಮನ್ ಗಣಿತವನ್ನು ನಮ್ಮ ಕಡೆ ಇಳಿಸಬೇಕಾದ್ರೆ ಸರಿಯಾದ ಮರ ಸಾಗವಾನಿ. ಉಷ್ಣವಲಯದ ಬಹಳಷ್ಟು ಮರಗಳಲ್ಲಿ ಉಂಗುರ ಸ್ಪಷ್ಟ ಇರಲ್ಲ, ಆದರೆ ಸಾಗವಾನಿ ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನೆ ನಿಂತುಬಿಡುತ್ತೆ. ಮಳೆ ಬಂದಾಗ ಮತ್ತೆ ಶುರು. ಪ್ರತಿ ವರ್ಷ ಒಂದು ಗೆರೆ.

ಭಾರತದಲ್ಲಿ ಈ ಕೆಲಸ ಆಗಿಲ್ಲ ಅಂತಲ್ಲ. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆ 1906ರಿಂದ ಇದೆ. ಲಾರಿ ಮತ್ತು ಸಂತ್ ರಾಮ್ ಅನ್ನೋ ಇಬ್ಬರು 1940ರಲ್ಲಿ ಭಾರತ ಮತ್ತು ಬರ್ಮಾದ ಸಾಗವಾನಿ ತೋಪುಗಳಿಗೆ ಇಳುವರಿ ಪಟ್ಟಿ ಪ್ರಕಟಿಸಿದರು. ಈ ವಯಸ್ಸಿಗೆ, ಈ ಥರದ ನೆಲದಲ್ಲಿ, ಇಷ್ಟು ಎತ್ತರ, ಇಷ್ಟು ಕಟ್ಟಿಗೆ ಅನ್ನೋ ಕೋಷ್ಟಕ. ಆದರೆ ಅದು ಕಾಡಿನ ಪಟ್ಟಿ. ರೋಣ ತಾಲ್ಲೂಕಿನ ಅಸೂಟಿಯಂಥ ಊರಿನ ಎರಿ ಹೊಲಕ್ಕೆ, ಅದೂ ಬದುವಿನ ಮೇಲೆ ನಿಂತ ಗಿಡಕ್ಕೆ, ಪಟ್ಟಿ ಇಲ್ಲ. ನಾವೇ ಅಳೆಯಬೇಕು.

ನಾನು ಅಳೆದದ್ದು ಯಾಕೆ ಅಂದ್ರೆ ನಮ್ಮ ಕಾಕಾ. ಅವರ ಹೊಲದ ಬದುವಿಗೆ ಸಾಗವಾನಿ ಗಿಡಗಳಿವೆ, 14 ವರ್ಷದವು. ಹೋದ ವರ್ಷ ಒಬ್ಬ ನರ್ಸರಿಯವನು ಒಂದು ಪಾಂಪ್ಲೆಟ್ ಕೊಟ್ಟು ಹೋಗಿದ್ದ. ಎಕರೆಗೆ 400 ಗಿಡ ಹಚ್ಚಿರಿ, 12 ವರ್ಷಕ್ಕೆ ಗಿಡಕ್ಕೆ 10 ಘನ ಅಡಿ ಕಟ್ಟಿಗೆ, ಒಟ್ಟು 4000 ಘನ ಅಡಿ, ಆಮೇಲೆ ಅದಕ್ಕೆ ರೂಪಾಯಿ ಗುಣಿಸಿ ಲಕ್ಷಗಳು. ಕಾಕಾ ಜೋಳ, ಕಡಲೆ ಬಿಟ್ಟು ಎರಡು ಎಕರೆ ಪೂರ್ತಿ ಸಾಗವಾನಿ ಹಚ್ಚೋ ಯೋಚನೆಯಲ್ಲಿದ್ದರು. "ಇಂಜಿನಿಯರಿಂಗ್ ಓದಾಕತ್ತೀಯಲ್ಲ, ಇವರ ಲೆಕ್ಕ ಖರೇನೋ ಸುಳ್ಳೋ ಹೇಳು" ಅಂದರು. ಎರಡು ಎಕರೆ, 12 ವರ್ಷ. ಸುಮ್ಮನೆ ತಲೆ ಆಡಿಸೋ ವಿಷಯ ಅಲ್ಲ.

ಮೊದಲು ಒಂದು ಗಿಡದ ಗಾತ್ರ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಅಂದ್ರೆ 1.37 ಮೀಟರ್‌ನಲ್ಲಿ, ಸುತ್ತಳತೆ ತಗೋಬೇಕು. ಬುಡದಲ್ಲಿ ತಗೊಂಡ್ರೆ ಬೇರಿನ ಉಬ್ಬು ಸೇರಿ ಗಿಡ ಸುಮ್ಮನೆ ದಪ್ಪ ಕಾಣುತ್ತೆ. ಟೇಲರ್ ಟೇಪ್ ಸಾಕು. ನಾನು ಅಳೆದ ಒಂದು ಗಿಡದ ಸುತ್ತಳತೆ 84 ಸೆಂ.ಮೀ. ಪೈಯಿಂದ ಭಾಗಿಸಿದರೆ ವ್ಯಾಸ 26.7 ಸೆಂ.ಮೀ. ಎತ್ತರಕ್ಕೆ ಕೋಲಿನ ನೆರಳು, ಗಿಡದ ನೆರಳು ಹೋಲಿಸಿದ್ರೆ ಆಯ್ತು (ಹೈಸ್ಕೂಲಿನ ಸಮರೂಪ ತ್ರಿಕೋನಕ್ಕೆ ಕೊನೆಗೂ ಒಂದು ಕೆಲಸ ಸಿಕ್ತು). 12 ಮೀಟರ್ ಬಂತು.

ಕಾಂಡ ಸಿಲಿಂಡರ್ ಆಗಿದ್ದರೆ ಅಡ್ಡಕೊಯ್ತದ ವಿಸ್ತೀರ್ಣ ಗುಣಿಸು ಎತ್ತರ, ಮುಗೀತು. ಕೋನ್ ಆಗಿದ್ದರೆ ಅದರ ಮೂರನೇ ಒಂದು ಭಾಗ. ನಿಜವಾದ ಮರ ಇವೆರಡರ ಮಧ್ಯೆ ಎಲ್ಲೋ ಇರುತ್ತೆ. ಆ ಗುಣಕಕ್ಕೆ ಫಾರ್ಮ್ ಫ್ಯಾಕ್ಟರ್ ಅಂತಾರೆ, 0.45 ಅಂತ ಇಟ್ಟುಕೊಂಡೆ. ಲೆಕ್ಕ: 0.056 × 12 × 0.45, ಸುಮಾರು 0.303 ಘನ ಮೀಟರ್. ಅಡಿಯಲ್ಲಿ ಹೇಳಿದ್ರೆ 10.7 ಘನ ಅಡಿ. ಅರೆ, ಪಾಂಪ್ಲೆಟ್‌ನವನು ಹೇಳಿದ್ದಕ್ಕೆ ಹತ್ತಿರವೇ ಇದೆಯಲ್ಲ! ಎರಡು ವರ್ಷ ಲೇಟ್ ಅಷ್ಟೇ.

ಈಗ ಅದೇ ಗಿಡವನ್ನು ಕಟ್ಟಿಗೆ ಅಡ್ಡೆಗೆ ಒಯ್ಯೋಣ. ಅಲ್ಲಿ ತುದಿಯ ಸಣ್ಣ ಭಾಗ ಲೆಕ್ಕಕ್ಕೇ ಬರಲ್ಲ. ಉಪಯೋಗಕ್ಕೆ ಬರುವ 6 ಮೀಟರ್ ದಿಮ್ಮಿ, ಅದರ ನಡುವಿನ ಸುತ್ತಳತೆ 66 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಅಡ್ಡೆಯವರು ಪೈ ಬಳಸಲ್ಲ. ಸುತ್ತಳತೆಯ ಕಾಲು ಭಾಗ ತಗೊಂಡು ವರ್ಗ ಮಾಡಿ ಉದ್ದಕ್ಕೆ ಗುಣಿಸ್ತಾರೆ. ಕ್ವಾರ್ಟರ್ ಗರ್ತ್ ಸೂತ್ರ. ಇದರ ಹಿಂದೆ ಇರೋದು ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ 1736ರಲ್ಲಿ ತಂದ ಕೋಷ್ಟಕ ಪುಸ್ತಕ. ಬ್ರಿಟಿಷರು ಹೋದರೂ ಸೂತ್ರ ನಮ್ಮ ಅಡ್ಡೆಗಳಲ್ಲೇ ಉಳೀತು. ಈ ದಿಮ್ಮಿಗೆ 0.165ರ ವರ್ಗ ಗುಣಿಸು 6, ಅಂದ್ರೆ 0.163 ಘನ ಮೀಟರ್, 5.8 ಘನ ಅಡಿ. ಪೈ ಹಾಕಿ ಮಾಡಿದ್ರೆ 7.3 ಘನ ಅಡಿ ಬರುತ್ತೆ. ಎರಡರ ಅನುಪಾತ ಯಾವಾಗಲೂ 0.785, ಅಂದ್ರೆ ಪೈ ಭಾಗಿಸು 4. ಗಿಡ ಯಾವುದೇ ಇರಲಿ, ಊರು ಯಾವುದೇ ಇರಲಿ.

ಇದು ಮೋಸ ಅಂತ ಹೇಳೋಕೆ ಬರಲ್ಲ. ದುಂಡು ದಿಮ್ಮಿಯನ್ನು ಚೌಕ ಕೊಯ್ಯುವಾಗ ಸಿಪ್ಪೆ, ಹೋಳು ಹೋಗೋದನ್ನು ಮೊದಲೇ ಕಳೆದ ಹಾಗೆ ಅದು. ದರ ಕೂಡ ಅದೇ ಅಳತೆಯ ಘನ ಅಡಿಗೆ ಹೇಳಿರ್ತಾರೆ. ತೊಂದರೆ ಆಗೋದು ಎಲ್ಲಿ ಅಂದ್ರೆ, ಮರದ ಗಾತ್ರ ಪೈ ಹಾಕಿ, ತುದಿಯನ್ನೂ ಸೇರಿಸಿ ಲೆಕ್ಕ ಮಾಡಿ, ಅದಕ್ಕೆ ಅಡ್ಡೆಯ ದರ ಗುಣಿಸಿದಾಗ. 10.7 ಎಲ್ಲಿ, 5.8 ಎಲ್ಲಿ! ಪಾಂಪ್ಲೆಟ್‌ನಲ್ಲಿ ಯಾವ ಘನ ಅಡಿ ಅಂತ ಬರೆದಿರಲಿಲ್ಲ.

ಇನ್ನು ಬೆಳವಣಿಗೆ. ಆ ಗಿಡಗಳಲ್ಲಿ ಒಂದನ್ನು ಪರವಾನಗಿ ತೆಗೆಸಿ ಮನೆಯ ಚೌಕಟ್ಟಿಗೆ ಕಡಿಸಿದ್ದರು. ಎದೆಯೆತ್ತರದ ಹತ್ತಿರ ಕೊಯ್ದ ಮುಖದ ಮೇಲೆ ಉಂಗುರ ಎಣಿಸಿದೆ. ತೊಗಟೆ ಬಿಟ್ಟು ವ್ಯಾಸ ಐದನೇ ವರ್ಷಕ್ಕೆ ಹತ್ತಿರ ಹತ್ತಿರ 10.6 ಸೆಂ.ಮೀ., ಹತ್ತನೇ ವರ್ಷಕ್ಕೆ 19.5, ಹದಿನಾಲ್ಕಕ್ಕೆ 25. ಮೊದಲ ಐದು ವರ್ಷ ವರ್ಷಕ್ಕೆ ಎರಡು ಸೆಂಟಿಮೀಟರ್ ಮೇಲೆ, ಕೊನೆಗೆ ಒಂದೂಕಾಲು, ಒಂದೂವರೆ. ಗೆರೆ ನೇರ ಇಲ್ಲ, ಬಾಗ್ತಿದೆ.

ಯಾಕೆ ಬಾಗುತ್ತೆ ಅನ್ನೋದಕ್ಕೆ ಬರ್ಟಲನ್‌ಫಿ ಅನ್ನೋ ಜೀವವಿಜ್ಞಾನಿಯ ವಾದ ನನಗೆ ಬಹಳ ಇಷ್ಟ. ಮರ ಊಟ ಮಾಡೋದು ಎಲೆಯಿಂದ, ಅಂದ್ರೆ ಮೇಲ್ಮೈಯಿಂದ. ಮೇಲ್ಮೈ ಗಾತ್ರದ 2/3 ಘಾತಕ್ಕೆ ತಕ್ಕಂತೆ ಬೆಳೆಯುತ್ತೆ. ಖರ್ಚು ಮಾಡೋದು ಇಡೀ ಮೈಗೆ, ಅಂದ್ರೆ ಗಾತ್ರಕ್ಕೇ ತಕ್ಕಂತೆ. ಆದಾಯ ಕಳೆ ಖರ್ಚು, ಉಳಿದದ್ದೇ ಬೆಳವಣಿಗೆ:

ಗಾತ್ರದ ಬದಲಾವಣೆಯ ದರ = ಆ × ಗಾತ್ರ^(2/3) − ಬ × ಗಾತ್ರ

ಇದು ನಾನ್‌ಲೀನಿಯರ್ ಈಕ್ವೇಶನ್, ನೋಡಿದ್ರೆ ಭಯ. ಆದರೆ ಗಾತ್ರದ ಘನಮೂಲವನ್ನು ಹೊಸ ವೇರಿಯಬಲ್ ಅಂತ ತಗೊಳ್ಳಿ. ಸಬ್‌ಸ್ಟಿಟ್ಯೂಟ್ ಮಾಡಿದ ಮೇಲೆ ಉಳಿಯೋದು 'ಸ್ಥಿರಾಂಕ ಕಳೆ ಸ್ಥಿರಾಂಕ ಗುಣಿಸು ವೇರಿಯಬಲ್' ಅಷ್ಟೇ. ಇಸಿ, ಇಇಇ ಬ್ರಾಂಚಿನವರು ಗುರುತು ಹಿಡಿದಿರಬೇಕು. ರೆಸಿಸ್ಟರ್ ಮೂಲಕ ಚಾರ್ಜ್ ಆಗೋ ಕೆಪಾಸಿಟರ್! ಸಾಗವಾನಿಯ ಗಾತ್ರದ ಘನಮೂಲ ಕೆಪಾಸಿಟರ್ ವೋಲ್ಟೇಜಿನ ಹಾಗೆ ಏರುತ್ತೆ. ಅಲ್ಲಿ ಟೈಮ್ ಕಾನ್ಸ್ಟೆಂಟ್ ಮಿಲಿಸೆಕೆಂಡ್, ಇಲ್ಲಿ ವರ್ಷ. ಉತ್ತರ ಹೀಗೆ (ಕನ್ನಡ ಸಂಘದ ಪತ್ರಿಕೆ, ಅಕ್ಷರಗಳೂ ಕನ್ನಡದಲ್ಲೇ ಇರಲಿ, 'ಇ' ಅಂದ್ರೆ ಅದೇ 2.718):

ಗಾತ್ರ = ಗ × (1 − ಇ^(−ಕ × ವಯಸ್ಸು))^3

'ಗ' ಅಂದ್ರೆ ಕೊನೆಗೆ ಮುಟ್ಟುವ ಗಾತ್ರ, 'ಕ' ಅಂದ್ರೆ ವೇಗ. 1959ರಲ್ಲಿ ರಿಚರ್ಡ್ಸ್ ಈ 3ರ ಜಾಗದಲ್ಲಿ ಯಾವ ಸಂಖ್ಯೆ ಬೇಕಾದ್ರೂ ಬರಲಿ ಅಂತ ಸಡಿಲ ಮಾಡಿದರು. ಈಗ ಪೈನ್ ತೋಪಿನಿಂದ ಹಿಡಿದು ಸಾಗವಾನಿವರೆಗೆ ಹೆಚ್ಚು ಬಳಕೆಯಲ್ಲಿರೋದು ಚಾಪ್‌ಮನ್-ರಿಚರ್ಡ್ಸ್ ಅನ್ನೋ ಹೆಸರಿನ ಆ ರೂಪವೇ. ನಮ್ಮ ಗಿಡದ ಉಂಗುರಗಳಿಗೆ ಪೈಥಾನ್‌ನಲ್ಲಿ ಕರ್ವ್ ಫಿಟ್ ಮಾಡಿದಾಗ ಕ = 0.08 ಬಂತು, ಗ ಸುಮಾರು 1 ಘನ ಮೀಟರ್. ಟೈಮ್ ಕಾನ್ಸ್ಟೆಂಟ್ ಹನ್ನೆರಡೂವರೆ ವರ್ಷ. ಒಂದೇ ಗಿಡದ ಲೆಕ್ಕ ಇದು, ಇಡೀ ತಾಲ್ಲೂಕಿಗೆ ಹಚ್ಚಬೇಡಿ.

ಸರಿ, ಯಾವಾಗ ಕಡಿಯೋದು?

ಅರಣ್ಯದವರ ಹತ್ತಿರ ಎರಡು ಅಳತೆ ಇವೆ. ಈ ಒಂದು ವರ್ಷದಲ್ಲಿ ಎಷ್ಟು ಬೆಳೀತು ಅನ್ನೋದು ಚಾಲ್ತಿ ಹೆಚ್ಚಳ. ಹುಟ್ಟಿದಾಗಿನಿಂದ ವರ್ಷಕ್ಕೆ ಸರಾಸರಿ ಎಷ್ಟು ಅನ್ನೋದು ಸರಾಸರಿ ಹೆಚ್ಚಳ. ನಮ್ಮ ಭಾಷೆಯಲ್ಲಿ ಮೊದಲನೆಯದು ಎಸ್‌ಜಿಪಿಎ, ಎರಡನೆಯದು ಸಿಜಿಪಿಎ. ಈ ಸೆಮಿಸ್ಟರಿನ ಎಸ್‌ಜಿಪಿಎ ನಿಮ್ಮ ಸಿಜಿಪಿಎಗಿಂತ ಮೇಲಿದ್ದರೆ ಸಿಜಿಪಿಎ ಏರುತ್ತೆ, ಕೆಳಗಿದ್ದರೆ ಇಳಿಯುತ್ತೆ. ಎಸ್‌ಜಿಪಿಎ ಇಳೀತಾ ಬಂದರೂ ಸಿಜಿಪಿಎ ಏರ್ತಾನೇ ಇರಬಹುದು, ಅದನ್ನು ಮುಟ್ಟುವ ತನಕ. ಎರಡೂ ಸಮ ಆದಾಗ ಸಿಜಿಪಿಎ ತನ್ನ ಗರಿಷ್ಠದಲ್ಲಿರುತ್ತೆ. ಮರಕ್ಕೂ ಇದೇ ನಿಯಮ. ಗಾತ್ರ ಭಾಗಿಸು ವಯಸ್ಸು ಅನ್ನೋದನ್ನು ಡಿಫರೆನ್ಷಿಯೇಟ್ ಮಾಡಿ ಸೊನ್ನೆಗೆ ಸಮ ಮಾಡಿದ್ರೆ ನೀವೇ ತೆಗೀಬಹುದು.

ಮೇಲಿನ ಸೂತ್ರದಲ್ಲಿ ಎಸ್‌ಜಿಪಿಎ ಶಿಖರ ಮುಟ್ಟೋದು 1.1 ಟೈಮ್ ಕಾನ್ಸ್ಟೆಂಟ್‌ನಲ್ಲಿ (3ರ ನ್ಯಾಚುರಲ್ ಲಾಗ್), ಸಿಜಿಪಿಎ ಮುಟ್ಟೋದು 1.9ರಲ್ಲಿ. ನಮ್ಮ ಗಿಡಕ್ಕೆ 13.7 ವರ್ಷ ಮತ್ತು 23.8 ವರ್ಷ. ಅಂದ್ರೆ 14ನೇ ವರ್ಷದಲ್ಲಿ ಗಿಡ ಅದರ ಜೀವನದಲ್ಲೇ ಅತಿ ಜೋರಾಗಿ ಕಟ್ಟಿಗೆ ಕಟ್ಟಿಕೊಳ್ತಾ ಇರುತ್ತೆ. ಆ ವರ್ಷ 0.036 ಘನ ಮೀಟರ್ ಸೇರುತ್ತೆ, ಅಲ್ಲಿಯವರೆಗಿನ ಸರಾಸರಿ 0.022 ಮಾತ್ರ. ವ್ಯಾಸ ನೋಡಿದವರಿಗೆ 'ಬೆಳೆಯೋದು ನಿಂತೈತಿ' ಅನ್ನಿಸೋದೂ ಇದೇ ಹೊತ್ತಿಗೆ! ಉಂಗುರ ತೆಳುವಾಗಿದೆ ನಿಜ, ಆದರೆ ಅದು ದಪ್ಪ ಕಾಂಡದ ಸುತ್ತಲಿನ ಉಂಗುರ.

ಹಾಗಾದ್ರೆ 24 ವರ್ಷ ಕಾಯಬೇಕು, ಅಲ್ವಾ? ಬಡ್ಡಿ ಇಲ್ಲದ ಲೋಕದಲ್ಲಿ ಹೌದು. ನಿಂತ ಮರ ಅಂದ್ರೆ ನಿಂತ ದುಡ್ಡು. ಮರದ ಶೇಕಡಾವಾರು ಬೆಳವಣಿಗೆ ನಿಮ್ಮ ದುಡ್ಡಿನ ಬಡ್ಡಿ ದರಕ್ಕಿಂತ ಕೆಳಗೆ ಇಳಿದ ದಿನ ಕಡಿಯೋದು ಲಾಭ. ಬಡ್ಡಿ ವರ್ಷಕ್ಕೆ ಶೇ. 7 ಆದ್ರೆ ನಮ್ಮ ಕರ್ವ್ ಕೊಡೋ ಉತ್ತರ 18.6 ವರ್ಷ. ಶೇ. 12 ಆದ್ರೆ 13.7. ನಮ್ಮ ಹಳ್ಳಿಗಳಲ್ಲಿ ಕೈಗಡಕ್ಕೆ ಎರಡು ರೂಪಾಯಿ ಬಡ್ಡಿ ಅಂತಾರೆ, ತಿಂಗಳಿಗೆ ನೂರಕ್ಕೆ ಎರಡು, ವರ್ಷಕ್ಕೆ 24. ಆ ಸಾಲ ತಲೆ ಮೇಲಿರೋ ರೈತನಿಗೆ ಇದೇ ಸೂತ್ರ ಹೇಳೋದು 8.7 ವರ್ಷ. ಆಗ ಸಿಗೋದು 0.125 ಘನ ಮೀಟರ್. ಕಾದಿದ್ರೆ 24ನೇ ವರ್ಷಕ್ಕೆ ಅದರ ಐದು ಪಟ್ಟು. ಎಳೆ ಸಾಗವಾನಿ ಕಡಿದು ಮಾರಿದವನನ್ನು ಕಂಡು 'ತಿಳಿವಳಿಕೆ ಇಲ್ಲ' ಅನ್ನೋರಿಗೆ ಈ ಲೆಕ್ಕ ತೋರಿಸಬೇಕು ಅನ್ಸುತ್ತೆ. ಅವನು ಗಣಿತದ ಪ್ರಕಾರ ಸರಿಯಾಗೇ ಕಡಿದಿದ್ದಾನೆ. ತಪ್ಪಿರೋದು ಬಡ್ಡಿಯಲ್ಲಿ.

ಇನ್ನೊಂದು ಪದರ ಇದೆ. ಮರ ನಿಂತ ನೆಲಕ್ಕೂ ಬೆಲೆ ಇದೆ, ಅದನ್ನು ಕಡಿದರೆ ಅಲ್ಲಿ ಹೊಸದು ಹಚ್ಚಬಹುದು. 1849ರಲ್ಲಿ ಫೌಸ್ಟ್‌ಮನ್ ಅನ್ನೋ ಜರ್ಮನ್ ಅರಣ್ಯಾಧಿಕಾರಿ ಇದನ್ನು ಸೂತ್ರಕ್ಕೆ ಸೇರಿಸಿದ. ಅನಂತ ಸುತ್ತುಗಳ ಜಿಯೊಮೆಟ್ರಿಕ್ ಸೀರೀಸ್ ಅದು. ಹಚ್ಚೋ ಖರ್ಚು ಬಿಟ್ಟು ಹಾಕಿ ನೋಡಿದ್ರೆ ಶೇ. 7ರಲ್ಲಿ 18.6 ಇದ್ದದ್ದು 14.5ಕ್ಕೆ ಇಳಿಯುತ್ತೆ. ಇದಕ್ಕೆ ಎದುರು ಎಳೆಯೋದು ದರ. ದಪ್ಪ ದಿಮ್ಮಿಗೆ ಪ್ರತಿ ಘನ ಅಡಿಯ ದರವೇ ಹೆಚ್ಚು, ಯಾಕಂದ್ರೆ ಒಳಗಿನ ಕೆಂಚು ತಿರುಳು ಜಾಸ್ತಿ. ಎಳೆ ಮರದಲ್ಲಿ ಬಿಳಿ ಭಾಗವೇ ಹೆಚ್ಚು, ಅದಕ್ಕೆ ಹುಳು ಬೇಗ ಹತ್ತುತ್ತೆ. ದರ ಏರುವ ವೇಗವನ್ನೂ ಬೆಳವಣಿಗೆಯ ವೇಗಕ್ಕೆ ಕೂಡಿಸಿದ್ರೆ ಕಡಿಯೋ ವರ್ಷ ಮತ್ತೆ ಮುಂದಕ್ಕೆ ಹೋಗುತ್ತೆ.

ಈಗ ಪಾಂಪ್ಲೆಟ್‌ಗೆ ಬರೋಣ. ಅದರ ದೊಡ್ಡ ತಪ್ಪು ಇದ್ಯಾವುದೂ ಅಲ್ಲ, ಆ 400 ಅನ್ನೋ ಸಂಖ್ಯೆ. ಬದುವಿನ ಗಿಡಕ್ಕೆ ಎರಡೂ ಕಡೆ ಬಯಲು, ಬಿಸಿಲು ಬೇಕಾದಷ್ಟು, ಬೇರು ಹೊಲದೊಳಗೆ ಹೋಗಿ ಜೋಳದ ಗೊಬ್ಬರ, ನೀರು ಎರಡೂ ಕುಡಿಯುತ್ತೆ. ಅಂಥ ಒಂದು ಗಿಡದ ಗಾತ್ರವನ್ನು 400ಕ್ಕೆ ಗುಣಿಸೋದು ಅಂದ್ರೆ ಸಿಂಗಲ್ ರೂಮಿನಲ್ಲಿ ಒಬ್ಬನೇ ಮಲಗಿದವನ ನಿದ್ದೆಯನ್ನು ಹಾಸ್ಟೆಲ್ ಡಾರ್ಮಿಟರಿಗೆ ಗುಣಿಸಿದ ಹಾಗೆ. ಎಕರೆಗೆ 400 ಅಂದ್ರೆ ಗಿಡಕ್ಕೆ 10 ಚದರ ಮೀಟರ್. ಸಾಗವಾನಿ ಬೆಳಕಿಗೆ ಹಟ ಮಾಡುವ ಮರ, ನೆರಳು ತಡೆಯಲ್ಲ.

1933ರಲ್ಲಿ ರೈನೆಕೆ ಅನ್ನೋರು ಅಮೆರಿಕದ ಶಂಕುಧಾರಿ ತೋಪುಗಳನ್ನು ಅಳೆದು ಒಂದು ನಿಯಮ ಕಂಡುಹಿಡಿದರು. ಕಿಕ್ಕಿರಿದ ತೋಪಿನಲ್ಲಿ ಮರಗಳ ಸಂಖ್ಯೆ ಗುಣಿಸು ಸರಾಸರಿ ವ್ಯಾಸದ 1.605 ಘಾತ, ಇದು ಸ್ಥಿರಾಂಕ. ಗ್ರಾಫ್ ಲಾಗ್-ಲಾಗ್ ಹಾಳೆಯಲ್ಲಿ ಹಾಕಿದ್ರೆ ನೇರ ಗೆರೆ. ಬೇರೆ ಮರಗಳಿಗೂ ಹತ್ತಿರದ ಅಂಕಿಯೇ ಬರುತ್ತೆ. ವ್ಯಾಸ ಎರಡು ಪಟ್ಟಾದ್ರೆ ಮೂರರಲ್ಲಿ ಒಂದು ಮರಕ್ಕೆ ಮಾತ್ರ ಜಾಗ. 15 ಸೆಂ.ಮೀ. ವ್ಯಾಸದಲ್ಲಿ ಎಕರೆಗೆ 400 ಗಿಡ ಆಗಲೇ ಕಿಕ್ಕಿರಿದಿವೆ ಅಂತ ಇಟ್ಟುಕೊಳ್ಳಿ. 26 ಸೆಂ.ಮೀ. ಆಗುವ ಹೊತ್ತಿಗೆ ಉಳಿಯೋದು 165. ಉಳಿದವು ಒಣಗಬೇಕು, ಇಲ್ಲಾ ನೀವೇ ಮೊದಲು ಕಡಿದು ತೆಗೀಬೇಕು. ತೆಗೆಯಲ್ಲ ಅಂದ್ರೆ ಎಲ್ಲವೂ ಬಡಕಲಾಗಿ ನಿಲ್ಲುತ್ತವೆ. ನಡುವೆ ತೆಗೆದ ಗಳಕ್ಕೂ ಸ್ವಲ್ಪ ದುಡ್ಡು ಬರುತ್ತೆ, ಆದರೆ ಗಳದ ರೇಟು.

165 ಗುಣಿಸು 10, ಅಂದ್ರೆ 1650 ಘನ ಅಡಿ. ತುದಿ ಬಿಟ್ಟು, ಕಾಲು ಸುತ್ತಳತೆ ಸೂತ್ರ ಹಾಕಿದ್ರೆ ಮೇಲೆ 10.7 ಇದ್ದದ್ದು 5.8 ಆದ ಲೆಕ್ಕದಲ್ಲೇ ಇದೂ ಸುಮಾರು 900 ಆಗುತ್ತೆ. 4000 ಎಲ್ಲಿ, 900 ಎಲ್ಲಿ. ಇನ್ನೊಂದು ದಾರಿಯಿಂದಲೂ ಪರೀಕ್ಷೆ ಮಾಡಬಹುದು. ಪಾಂಪ್ಲೆಟ್ ಅಂಕಿಯನ್ನು ಮೆಟ್ರಿಕ್‌ಗೆ ತಿರುಗಿಸಿದ್ರೆ ಹೆಕ್ಟೇರಿಗೆ ವರ್ಷಕ್ಕೆ 23 ಘನ ಮೀಟರ್. ನಮ್ಮ ದೇಶದ ಸಾಮಾನ್ಯ ಸಾಗವಾನಿ ತೋಪುಗಳದ್ದು ಒಂದಂಕಿ. ಇದು ಹೊಸ ಆಟವೂ ಅಲ್ಲ. 1990ರ ದಶಕದಲ್ಲಿ ಸಾಗವಾನಿ ಹೆಸರಲ್ಲಿ ಬಾಂಡ್ ಮಾರಿ ಜನರ ದುಡ್ಡು ಎತ್ತಿದ ಕಂಪನಿಗಳು ದೇಶದ ತುಂಬ ಇದ್ದವು. ಇಂಥ ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ಸೆಬಿ 1999ರಲ್ಲಿ ನಿಯಮ ತಂದದ್ದು ಆ ಹಿನ್ನೆಲೆಯಲ್ಲೇ. ಇಳುವರಿ ಪಟ್ಟಿ 1940ರಿಂದಲೂ ಇತ್ತು, ತೆಗೆದು ನೋಡಿದವರು ಕಡಿಮೆ.

ನೆಲದ ಮಾತು ಒಂದು ಉಳೀತು. ಗದಗ ಜಿಲ್ಲೆಯ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು, ದಾಂಡೇಲಿ ಕಾಡಿನ ಕಡೆ ಅದರ ದುಪ್ಪಟ್ಟಿಗಿಂತ ಹೆಚ್ಚು. ಸಾಗವಾನಿಗೆ ನೀರು ಬಸಿದು ಹೋಗೋ ಆಳವಾದ ನೆಲ ಬೇಕು. ಎರಿ ಮಣ್ಣು ಮಳೆಗೆ ಉಬ್ಬಿ ನೀರು ಹಿಡಿದು ನಿಲ್ಲಿಸುತ್ತೆ, ಬೇಸಿಗೆಗೆ ಬಿರುಕು ಬಿಟ್ಟು ಬೇರು ಹರಿಯುತ್ತೆ. ಸಿವಿಲ್‌ನವರು ಇದೇ ಮಣ್ಣಿಗೆ ಬಯ್ಕೋತಾ ಫೌಂಡೇಶನ್ ಹಾಕೋದು. ಬದು ಎತ್ತರಕ್ಕಿರೋದರಿಂದ ನೀರು ನಿಲ್ಲಲ್ಲ, ಅದಕ್ಕೇ ಅಲ್ಲಿ ಗಿಡ ಚೆನ್ನಾಗಿದೆ. ಅದೇ ಗಿಡ ಹೊಲದ ನಡುವೆ ಬಂದ್ರೆ 'ಗ'ವೂ ಬೇರೆ, 'ಕ'ವೂ ಬೇರೆ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕಾಕಾಗೆ ಕೊಟ್ಟೆ. ಬಡ್ಡಿಯ ಸಾಲಿನ ಹತ್ತಿರ ಬಹಳ ಹೊತ್ತು ನಿಂತರು. "ಹೊಲದಾಗ ಬ್ಯಾಡ ಬಿಡು, ಬದುವಿಗೆ ಇನ್ನೊಂದು ನಲವತ್ತು ಹಚ್ಚೋಣು. ಈಗಿರೂವು ಯಾವಾಗ ಕಡೀಬೇಕು ಹೇಳು" ಅಂದರು. ಸೊಸೈಟಿ ಸಾಲ ತೀರಿದೆ, ಕೈಗಡ ಇಲ್ಲ, ಬದುವಿನಲ್ಲಿ ಬೇರೆ ಬೆಳೆ ಬರಲ್ಲ, ಹಾಗಾಗಿ ನೆಲದ ಬಾಡಿಗೆ ಹತ್ತಿರ ಹತ್ತಿರ ಸೊನ್ನೆ. ಇಷ್ಟಿದ್ದಾಗ ನಮ್ಮ ಕರ್ವ್‌ನ ಪ್ರಕಾರ ಇನ್ನೂ ನಾಲ್ಕೈದು ವರ್ಷ ಕಾಯಬಹುದು, ದಪ್ಪಕ್ಕೆ ದರ ಏರೋದನ್ನು ಸೇರಿಸಿದ್ರೆ ಇನ್ನೂ ಸ್ವಲ್ಪ ಹೆಚ್ಚು.

ಅಲ್ಲಿಯವರೆಗೆ ಡೇಟಾ ಬೇಕು. ಹತ್ತು ಗಿಡಗಳಿಗೆ 1.37 ಮೀಟರ್ ಎತ್ತರದಲ್ಲಿ ಬಿಳಿ ಬಣ್ಣದ ಪಟ್ಟಿ ಹೊಡೆದಿದ್ದೇನೆ, ಪ್ರತಿ ಜನವರಿಯಲ್ಲಿ ಅಲ್ಲೇ ಟೇಪ್ ಹಿಡಿಯೋದು. ಮಳೆಗಾಲದಲ್ಲಿ ಒಂದು ವರ್ಷ, ಬೇಸಿಗೆಯಲ್ಲಿ ಒಂದು ವರ್ಷ ಅಳೆದರೆ ಕಾಂಡ ನೀರು ಕುಡಿದು ಉಬ್ಬಿದ್ದೂ ಬೆಳವಣಿಗೆ ಅಂತ ಲೆಕ್ಕಕ್ಕೆ ಬಂದುಬಿಡುತ್ತೆ, ಹಾಗಾಗಿ ತಿಂಗಳು ಬದಲಾಗಬಾರದು. ನಿಮ್ಮ ಊರಲ್ಲಿ ಬದುವಿನ ಸಾಗವಾನಿ, ಹೆಬ್ಬೇವು, ಸಿಲ್ವರ್ ಓಕ್ ಯಾವುದಿದ್ದರೂ ಇದೇ ರೀತಿ ಅಳೆದು ವಯಸ್ಸು, ಸುತ್ತಳತೆ, ಎತ್ತರ, ಮಣ್ಣು ಇಷ್ಟು ಬರೆದು ತನ್ನಿ. ಕರ್ವ್ ಫಿಟ್ ಮಾಡೋ ಕೋಡ್ ನನ್ನ ಹತ್ತಿರ ಇದೆ, ಮೂವತ್ತು ಸಾಲಿಗಿಂತ ಹೆಚ್ಚಿಲ್ಲ.